ಟವೆಲ್ ಮುಚ್ಚಿ ಒತ್ತಿದ ನಾಲ್ಕು ಅಂಕಿ

ಸೈಬರ್ ಜಾಗೃತಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಜಮಖಂಡಿ ತಾಲ್ಲೂಕಿನ ಸಮಸ್ತ ನಾಗರಿಕರ ಸಮ್ಮುಖದಲ್ಲಿ ಘೋಷಿಸುವುದೇನೆಂದರೆ, ಹುನ್ನೂರಿನ ಧರೆಪ್ಪನ ಹೆಗಲ ಮೇಲಿನ ಕೆಂಪಂಚಿನ ಟವೆಲನ್ನು ಅವನ ಹೆಂಡತಿ ಹೊಳೆವ್ವ ಮುಟ್ಟುಗೋಲು ಹಾಕಿಕೊಂಡಿದ್ದಾಳೆ. ನೋಟಿಸಿಲ್ಲದೆ, ವಿಚಾರಣೆಯಿಲ್ಲದೆ ನಡೆದ ಈ ಕ್ರಮಕ್ಕೆ ನಿಮ್ಮ ಇಲಾಖೆಯೇ ಕಾರಣ ಎಂಬುದು ನನ್ನ ದೂರು.

ನಾವು ಯಾರಿಗೆ ಫೋನು ಹಚ್ಚಿದರೂ ಮೊದಲು ಮಾತನಾಡುವವರು ನೀವು. ಹೆರಿಗೆ ನೋವಿಗೆ ಆಟೋ ಕರೆಯಲು ಹೊರಟವನಿಗೂ, "ನಿಮ್ಮ ಗೌಪ್ಯ ಸಂಖ್ಯೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ" ಎಂದು ಪೂರ್ತಿ ಉಪದೇಶಿಸಿಯೇ ದಾರಿ ಬಿಡುತ್ತೀರಿ. ಒಳ್ಳೆಯದು. ಆದರೆ ರೊಕ್ಕ ಬರುವುದಕ್ಕೆ ಆ ಸಂಖ್ಯೆ ಬೇಕೇ ಇಲ್ಲ, ಅದನ್ನು ಒತ್ತಿದರೆ ರೊಕ್ಕ ಹೋಗುತ್ತದೆಯೇ ಹೊರತು ಬರುವುದಿಲ್ಲ ಎಂಬ ಅಸಲು ಮಾತನ್ನು ಯಾಕೆ ನುಂಗಿಕೊಂಡಿರಿ? ಅದೂ ಗೌಪ್ಯವೇ?

ನಡೆದದ್ದು ಕೇಳಿ. ಧರೆಪ್ಪ ಟಗರು ಮಾರಿ, ಮಗಳು ಪೂನಮ್‌ಳ ನರ್ಸಿಂಗ್ ಕಾಲೇಜಿನ ಫೀ ಪೂರ್ತಿ ಮಾಡಬೇಕಿತ್ತು. ಇಪ್ಪತ್ತು ಸಾವಿರ ಆಗಲೇ ಖಾತೆಯಲ್ಲಿತ್ತು. ಪೂನಮ್ ಟಗರಿನ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೇ ತಡ, ಮುಧೋಳದವನೆಂದು ಹೇಳಿಕೊಂಡವನೊಬ್ಬ ವಿಡಿಯೊ ಕಾಲ್ ಮಾಡಿದ. ಟಗರಿನ ದರವನ್ನು ಬಾಯಿಬಿಟ್ಟು ಹೇಳುವವನನ್ನು ನಮ್ಮ ಸಂತೆಯಲ್ಲಿ ವ್ಯಾಪಾರಿ ಎನ್ನುವುದಿಲ್ಲ. ಮಂದಿಗೆ ಕಾಣದಂತೆ ಟವೆಲಿನಡಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದೇ ದರದ ಲೆಕ್ಕ. ಧರೆಪ್ಪ ಕಟ್ಟೆಯ ಮೇಲೆ ಕುಳಿತು, ಫೋನಿಗೆ ಟವೆಲ್ ಹೊದಿಸಿ, ತಾನೂ ತಲೆ ತೂರಿಸಿ, ಒಳಗೆ ಬೆರಳು ತೋರಿಸತೊಡಗಿದ.

"ಯಜಮಾನ್ರ, ಏನೂ ಕಾಣವಲ್ದರೀ, ಬರೇ ಕತ್ತಲಿ!" ಎಂದಿತು ಫೋನು.

"ಹಗೂರಕ ಮಾತಾಡೋ ಮಾರಾಯ, ಮಂದಿ ಕುಂತಾರ!"

ಆಸಾಮಿ ಜಾಣ. ಅಷ್ಟರಲ್ಲೇ ನಮ್ಮ ಪದ್ಧತಿ ಕಲಿತುಬಿಟ್ಟ. "ಖರೆ ಐತ್ರಿ. ಅಡ್ವಾನ್ಸಿಂದು ಲಿಂಕ್ ಕಳಿಸೇನಿ, ಅದನ್ನ ಒತ್ತಿ ನಿಮ್ಮ ನಾಕ ಅಂಕಿ ಪಿನ್ ಹಾಕ್ರಿ. ಟಾವೆಲ್ ಮಾತ್ರ ತಗೀಬ್ಯಾಡ್ರಿ, ಮಂದಿ ಕಣ್ಣು ಛಲೋ ಇರೂದಿಲ್ಲ."

ನಾನೂ ಗೆಳೆಯ ಸಾಬಣ್ಣನೂ ಪಕ್ಕದಲ್ಲೇ ಇದ್ದೆವು. ಆದರೆ ವ್ಯಾಪಾರದ ಟವೆಲಿನೊಳಗೆ ಇಣುಕುವುದು ಅಸಭ್ಯತನ. ನಾವು ಸಭ್ಯರು, ಬೇವಿನ ಗಿಡ ನೋಡುತ್ತ ಕುಳಿತೆವು. ಧರೆಪ್ಪ ಗೆದ್ದ ಮುಖ ಹೊತ್ತು ಹೊರಬಂದ. "ಆತು! ಒಬ್ಬರಿಗೂ ಕಾಣಲಿಲ್ಲ." ನಿಜ. ಇಪ್ಪತ್ತು ಸಾವಿರ ಹೋದದ್ದೂ ಯಾರಿಗೂ ಕಾಣಲಿಲ್ಲ.

ಬ್ಯಾಂಕಿನ ಮೆಸೇಜು ನೋಡಿದ ಪೂನಮ್ ಕೂಡಲೇ ನಿಮ್ಮ ೧೯೩೦ ಸಹಾಯವಾಣಿಗೆ ದೂರು ಕೊಟ್ಟಳು. ರೊಕ್ಕ ನಡುದಾರಿಯಲ್ಲೇ ತಡೆಯಲ್ಪಟ್ಟಿತು. ಅದಕ್ಕೆ ನಿಮಗೊಂದು ದೊಡ್ಡ ನಮಸ್ಕಾರ. ಸಂಕಟ ಇರುವುದು ಮುಂದೆ. ಅದನ್ನು ಮರಳಿಸಲು ನಿಮ್ಮ ಸಿಬ್ಬಂದಿ ಧರೆಪ್ಪನಿಗೆ ಫೋನು ಮಾಡುತ್ತಿದ್ದಾರೆ. ಟವೆಲಿನ ಜೊತೆ ಫೋನೂ ಈಗ ಹೊಳೆವ್ವನ ವಶದಲ್ಲಿದೆ.

"ಅಮ್ಮಾ, ನಾವು ಸೈಬರ್ ಠಾಣೆಯಿಂದ. ನಿಮ್ಮ ಹಣ ವಾಪಸ್ ಬರೋದಕ್ಕೆ ಪಾಸ್‌ಬುಕ್ ಫೋಟೊ..."

"ಮತ್ತ ಬಂದ್ಯಾ? ರೊಕ್ಕ ಕೊಡಾಂವ ಫೋನ್ ಮಾಡೂದಿಲ್ಲ, ಮನಿಗೆ ಬರ್ತಾನ! ಇಡಲೇ ಫೋನು!"

ಜಮಖಂಡಿಯ ಠಾಣೆಗೆ ಹೋಗಿ ನಾನೇ ವಿಚಾರಿಸಿ ಬಂದೆ, ಕರೆ ನಿಮ್ಮದೇ. ಹೊಳೆವ್ವನಿಗೆ ಹೇಳಿದರೆ, "ನೀವು ಗಿಡಾ ನೋಡ್ಕೋಂತ ಕುಂತವರು, ಸುಮ್ನ ಕುಂಡ್ರಿ" ಎಂದಳು. ಧರೆಪ್ಪನನ್ನು ಠಾಣೆಯತ್ತ ಹೆಜ್ಜೆ ಇಡಲೂ ಬಿಡುತ್ತಿಲ್ಲ. ಕೋಟಿಗಟ್ಟಲೆ ಬಾರಿ ಮೊಳಗಿಸಿಯೂ ಮೂಡಿಸಲಾಗದ ಜಾಗೃತಿ ಕೊನೆಗೂ ಒಂದು ಮನೆಯಲ್ಲಿ ಮೂಡಿದೆ, ಮಾನ್ಯರೇ. ಅದರ ಕೈಗೆ ಮೊದಲು ಸಿಕ್ಕಿಬಿದ್ದವರು ನೀವು.

ಆದ್ದರಿಂದ ನನ್ನ ಬೇಡಿಕೆ: ನಿಮ್ಮ ಎಚ್ಚರಿಕೆಯನ್ನು ಬದಲಿಸಿ, "ರೊಕ್ಕ ತಗೊಳ್ಳಾಕ ಯಾವ ನಂಬರೂ ಒತ್ತೂದು ಬ್ಯಾಡ" ಎಂಬಷ್ಟನ್ನೇ ಹೇಳಿಸಿ.

ಇನ್ನೊಂದು ಸಣ್ಣ ಉಪಕಾರ. ಫೀ ಕಟ್ಟಲು ಶನಿವಾರವೇ ಕಡೆಯ ದಿನ. ಅದಕ್ಕೆ ಮುಂಚೆ ಸಮವಸ್ತ್ರದಲ್ಲಿರುವ ಒಬ್ಬರನ್ನು ಹಗಲು ಹೊತ್ತಿನಲ್ಲಿ ಹುನ್ನೂರಿಗೆ ಕಳಿಸಿ. ಹೊರಟಿದ್ದೇವೆಂದು ಮುಂಚಿತವಾಗಿ ಫೋನು ಮಾತ್ರ ಮಾಡಬೇಡಿ.

ಇಂತಿ,
ಕಳ್ಳನ ಕಡೆಯವನಿರಬಹುದೆಂಬ ಹೊಳೆವ್ವನ ಅನುಮಾನಕ್ಕೆ ಗುರಿಯಾಗಿರುವ
ಧರೆಪ್ಪನ ನೆರೆಮನೆಯವ