ಬಿರುಕಿನ ಕೆಳಗಿನ ಬೆಂಚು

ಅಪ್ಪಾ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಊರಾಚೆಯ ಬಯಲಿನಲ್ಲಿ ನೀವೆಲ್ಲ ಇಟ್ಟಿಗೆ ಹೊತ್ತು ಕಟ್ಟಿದ ಚರ್ಚಿನ ಸುತ್ತ ಈಗ ಬಡಾವಣೆ ಬೆಳೆದಿದೆ. ಪಕ್ಕದಲ್ಲಿ ದೊಡ್ಡ ಕಟ್ಟಡಕ್ಕೆ ಪಾಯ ತೋಡಿದಾಗಿನಿಂದ ಚಾವಣಿ ಬಿರುಕು ಬಿಟ್ಟಿದೆ.

ಇವತ್ತು ಬೆಳಗಿನ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದ್ದಾಗ ಅಮ್ಮನ ತಲೆಯ ಮೇಲೆ ಸುಣ್ಣದ ಪುಡಿ ಉದುರಿತು. ಹಿಂದೆಯೇ ಅಂಗೈ ಅಗಲದ ಗಾರೆ ಅವಳ ಪಕ್ಕದ ಖಾಲಿ ಜಾಗಕ್ಕೆ ಬಿತ್ತು. "ಎಲ್ಲರೂ ಹೊರಗೆ ನಡೀರಿ, ನೂಕಾಡ್ಬೇಡಿ," ಎಂದರು ಪಾದ್ರಿಗಳು. ಅಮ್ಮ ಏಳಲಿಲ್ಲ.

"ಏಳಮ್ಮ, ಜೀವಕ್ಕಿಂತ ಈ ಬೆಂಚು ಹೆಚ್ಚಾ?" ಎಂದೆ.

"ನಿಮ್ಮಪ್ಪ ಅವತ್ತು ಪೂಜೆ ಮಧ್ಯ ಎದ್ದು ಹೋಗುವಾಗ, 'ಇಲ್ಲೇ ಕೂತಿರು, ಈಗ ಬಂದೆ' ಅಂದಿದ್ರು ಕಣೇ. ಬಂದ್ರೆ ನನ್ನ ಎಲ್ಲಿ ಅಂತ ಹುಡುಕ್ತಾರೆ?"

ಕೈಹಿಡಿದು ಎಳೆದುಕೊಂಡೇ ಬಂದೆ. ಮಧ್ಯಾಹ್ನ ಊಟಕ್ಕೆ ಕರೆದರೆ ಅವಳು ಮನೆಯಲ್ಲಿರಲಿಲ್ಲ. ಓಡಿದೆ. ಚರ್ಚಿನ ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಅಮ್ಮ ಅದೇ ಬೆಂಚಿನಲ್ಲಿ ಕೂತು, ನಿನ್ನ ಜಾಗದ ಗಾರೆಯ ಚೂರುಗಳನ್ನು ಬರಿಗೈಯಿಂದ ಒರೆಸುತ್ತಿದ್ದಳು. ಮೇಲೆ ಏನೋ ಲಟಕ್ಕೆಂದಿತು. ಎಷ್ಟು ಕರೆದರೂ ಅವಳು ತಿರುಗಲಿಲ್ಲ. ಕೊನೆಗೆ ನಾನೇ ಹೋಗಿ ನಿನ್ನ ಜಾಗದಲ್ಲಿ ಕೂತೆ.

ಅಮ್ಮ ನನ್ನತ್ತ ನೋಡದೆ, "ಬಂದ್ರಾ? ಹಾಗಾದ್ರೆ ನಡೀರಿ, ಮನೆಗೆ ಹೋಗೋಣ," ಎಂದಳು.

ಹೂಂ ಎಂದೆ.