ಕಿವಿಯಂಚಿನ ಒಂದು ಹನಿ ರಕ್ತ

ಪ್ರೀತಿಯ ತಮ್ಮನಿಗೆ,

ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಿಂದ ಕದಲುವುದಿಲ್ಲ. ನಿನ್ನ ಜೊತೆ ಸೇತುವೆ ಕೆಲಸ ಮಾಡುವ ಗೆಳೆಯ ರಜೆ ಮುಗಿಸಿ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಪುಢಾರಿಗೆ ಹುಷಾರಿಲ್ಲ ಕಣೋ. ಬೀದಿಯಲ್ಲಿ ಕಂಡಕಂಡವರನ್ನೆಲ್ಲ ಮಾತಾಡಿಸಿಕೊಂಡು ಬರುವ ನಾಯಿಯೆಂದು ಆ ಹೆಸರಿಟ್ಟವನು ನೀನೇ. ಈಗ ಬಾಗಿಲು ಬಡಿದರೂ ಅವನು ತಲೆ ಎತ್ತುವುದಿಲ್ಲ.

ಮೊದಲು ಊಟ ಬಿಟ್ಟ. "ಪಾಪ, ಅವನು ಊರಲ್ಲಿಲ್ಲ ಅಂತ ಕೊರಗ್ತಿದೆ ಮುಂಡೇದು" ಎಂದಳು ಅಮ್ಮ. ನನಗೂ ಹಾಗೇ ಅನ್ನಿಸಿತು. ನಾನು ತರಬೇತಿಗೆಂದು ಬೇರೆ ಊರಿಗೆ ಹೋದಾಗ ಮೈ ಬಿಸಿಯಾಯಿತಂತೆ. ಅಮ್ಮನೇ ನಮ್ಮ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಮ್ಮನ ಪದ್ಧತಿ ನಿನಗೆ ಗೊತ್ತಲ್ಲ, ನಮಗೆ ಜ್ವರ ಬಂದರೂ ತಲೆ ಬಾಚಿ, ಇಸ್ತ್ರಿ ಬಟ್ಟೆ ತೊಡಿಸಿಯೇ ಡಾಕ್ಟರ ಮುಂದೆ ನಿಲ್ಲಿಸುತ್ತಿದ್ದವಳು. ಪುಢಾರಿಗೂ ಅದೇ ಉಪಚಾರ. ಮೈಮೇಲಿದ್ದ ಉಣ್ಣಿಗಳನ್ನೆಲ್ಲ ಚಿಮ್ಮಟದಲ್ಲಿ ಕಿತ್ತು, ಸೋಪು ಹಾಕಿ ತೊಳೆದು, ಪೌಡರ್ ಬೇರೆ ಹಚ್ಚಿದ್ದಾಳೆ. "ಮೈಮೇಲೆ ಉಣ್ಣಿ ಏನಾದ್ರೂ ಇತ್ತಾ?" ಎಂದು ಡಾಕ್ಟರು ಕೇಳಿದ್ದಕ್ಕೆ "ಛೆ ಛೆ, ನಮ್ಮನೇಲಿ ಅಂಥದ್ದೆಲ್ಲ ಇಲ್ಲ" ಎಂದಳಂತೆ. ಅವರು ನಂಬಿದರು. ಹೊಟ್ಟೆ ಕೆಟ್ಟಿರಬೇಕೆಂದು ಮಾತ್ರೆ ಕೊಟ್ಟು ಕಳಿಸಿದರು.

ನಾನು ಬಂದು ತುಟಿ ಎತ್ತಿ ನೋಡಿದೆ. ಒಸಡು ಕಾಗದದಂತೆ ಬಿಳಿಚಿತ್ತು. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯ ನನ್ನ ಲ್ಯಾಬಿಗೆ ಹೊತ್ತೊಯ್ದು ಕಿವಿಯಂಚಿಗೆ ಸೂಜಿ ಚುಚ್ಚಿದೆ, ಉಣ್ಣಿ ಕಚ್ಚಿ ರಕ್ತಕ್ಕೆ ಸೇರುವ ಹುಳು ಅಲ್ಲಿನ ಸಣ್ಣ ನಾಳಗಳಲ್ಲೇ ಹೆಚ್ಚು ಸಿಕ್ಕುವುದು. ಅವನು ಕುಂಯ್ ಎನ್ನಲೂ ಇಲ್ಲ. ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಕೆಂಪು ಕಣಗಳ ಒಳಗೆ ಸೇಬಿನ ಬೀಜದಂಥವು, ಚೂಪು ತುದಿ ಕೂಡಿಸಿಕೊಂಡು ಜೋಡಿಜೋಡಿಯಾಗಿ ಕೂತಿದ್ದವು. ಬೇರೆಯವರ ನಾಯಿಯಾಗಿದ್ದರೆ ಸಿಕ್ಕಿತಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಈ ಸಲ ಮಸೂರ ಒರೆಸಿದೆ, ಇನ್ನೊಂದು ಹನಿ ತೆಗೆದೆ, ನನ್ನ ಕಣ್ಣೇ ಸುಳ್ಳಾಗಲಿ ಎಂದು ಬೇಡಿಕೊಂಡೆ. ಅವು ಅಲ್ಲೇ ಇದ್ದವು.

ಇಂಜೆಕ್ಷನ್ ಆಯಿತು. ಬೇರೆ ನಾಯಿಯ ರಕ್ತವನ್ನೂ ಕೊಟ್ಟರು. "ಔಷಧಿ ಅದರ ಕೆಲಸ ಮಾಡ್ತಿದೆ, ಇವನಲ್ಲೇ ತ್ರಾಣ ಇಲ್ಲ" ಎನ್ನುತ್ತಾರೆ ಡಾಕ್ಟರು. ನಿಜವೇ. ಹುಳುಗಳು ಕಡಿಮೆಯಾಗಿವೆ, ಹೊಸ ರಕ್ತ ಮಾತ್ರ ಹುಟ್ಟುತ್ತಿಲ್ಲ. ದಿನವೂ ನೋಡುತ್ತೇನೆ. ನೋಡುವುದೊಂದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲವೆಂಬುದು ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಹೊಳೆದಿರಲಿಲ್ಲ.

ಅಮ್ಮ ಡಾಕ್ಟರಿಗೆ ಹಿಡಿಶಾಪ ಹಾಕುತ್ತಿದ್ದಾಳೆ. "ಅವತ್ತೇ ಯಾಕೆ ಗೊತ್ತಾಗ್ಲಿಲ್ಲ ಅವರಿಗೆ?" ಎಂದು ನನ್ನನ್ನು ಕೇಳುತ್ತಾಳೆ. ಕೆಲವು ಕಾಯಿಲೆ ಹಾಗೇನೇ ಅಮ್ಮಾ ಎಂದು ತೇಲಿಸಿಬಿಡುತ್ತೇನೆ. ನೀನು ಮೊದಲಿನಿಂದಲೂ ಯಾವುದನ್ನೂ ಬುಡ ಹಿಡಿದು ಕೆದಕುವವನು. ಕೈಮುಗಿಯುತ್ತೇನೆ, ಅವಳ ಹತ್ತಿರ ಮಾತ್ರ ಆ ಸ್ನಾನದ ಸುದ್ದಿ ಎತ್ತಬೇಡ. ಉಣ್ಣಿ ಕಿತ್ತು ತೊಳೆದದ್ದರಿಂದಲೇ ಡಾಕ್ಟರಿಗೆ ಸುಳಿವು ಸಿಗಲಿಲ್ಲವೆಂದು ಗೊತ್ತಾದರೆ ಅವಳು ತಡೆದುಕೊಳ್ಳುವುದಿಲ್ಲ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ.

ನಿನ್ನೆ ನೀನು ಫೋನಿನಲ್ಲಿ ಅವನನ್ನು ಕರೆದೆಯಲ್ಲ, ಅಮ್ಮ ಫೋನನ್ನು ಅವನ ತಲೆಯ ಪಕ್ಕ ಹಿಡಿದಿದ್ದಳು. "ನಿನ್ನ ದನಿ ಕೇಳಿ ಬಾಲ ಅಲ್ಲಾಡಿಸ್ದ ನೋಡು" ಎಂದಳು. ನೀನು ನಕ್ಕೆ. ನಾನು ಅಲ್ಲೇ ನಿಂತಿದ್ದೆ. ಅವನು ಅಲ್ಲಾಡಿಸಲಿಲ್ಲ ಕಣೋ. ರಜೆ ಸಿಕ್ಕರೆ ಬೇಗ ಬಾ.

ಎತ್ತರದಲ್ಲಿ ಕೆಲಸ ಮಾಡುವವನು, ಮನಸ್ಸು ಗಟ್ಟಿ ಮಾಡಿಕೋ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಕ್ಕ