ರುಕ್ಮಿಣಿಗೆ ಮುಟ್ಟದ ಉಡಿ

ಜೈಸಲ್ಮೇರ, ಸೋಮವಾರ

ತಂಗಿ ತುಳಸಿಗೆ ಅಕ್ಕನ ಆಶೀರ್ವಾದ, ಜೊತೆಗೊಂದು ಕೆಟ್ಟ ಸುದ್ದಿ.

ನಿನ್ನ ಮಗಳು ಪದ್ಮಜಾಳ ಹೆರಿಗೆ ಸುಸೂತ್ರವಾಗಲೆಂದು ನೀನು ಕಟ್ಟಿಕೊಟ್ಟ ಉಡಿಯ ಗಂಟು ದ್ವಾರಕೆಯ ರುಕ್ಮಿಣಿಗೆ ಮುಟ್ಟಲಿಲ್ಲ. ನಮ್ಮ ಯಾತ್ರೆ ಬಸ್ಸಿನ ಗೈಡ್ ಕೇದಾರ ಸಮುದ್ರದ ದಂಡೆಯಲ್ಲಿ ಎಲ್ಲರ ಫೋಟೋ ತೆಗೆಯುತ್ತ ನಿಂತ. ನಾವು ಹೋಗುವಷ್ಟರಲ್ಲಿ ಗುಡಿಯ ಬಾಗಿಲು ಹಾಕಿತ್ತು. ಆಮೇಲೆ ಊರೂರಲ್ಲೂ ಕೋಟೆ, ಅರಮನೆ ತೋರಿಸಿದ್ದೇ ತೋರಿಸಿದ್ದು. ಯಾರಿಗೆ ಬೇಕಾಗಿತ್ತು?

ಇವತ್ತು ಎಲ್ಲರನ್ನೂ ಮರಳುಗಾಡಿನಲ್ಲಿ ಇಳಿಸಿದ. ನಾನು ಸಿಟ್ಟಿನಿಂದ ಬಸ್ಸಿನಲ್ಲೇ ಕೂತೆ. ಒಂದು ಒಂಟೆ ಕಿಡಕಿಯೊಳಗೆ ಕುತ್ತಿಗೆ ತೂರಿಸಿ ಉಡಿಯ ಅಕ್ಕಿ, ಬೆಲ್ಲ, ಎಲೆ ಎಲ್ಲ ತಿಂದುಬಿಟ್ಟಿತು! ನಾನು ಕೂಗಿಕೊಂಡರೆ ಕೇದಾರ ಒಂಟೆಯವನನ್ನು ವಿಚಾರಿಸಿ ನಗುತ್ತಾನೆ:

"ಬಸುರಿ ಐತಂತ್ರಿ ಅಕ್ಕಾರ. ಬಸುರಿಗೆ ಉಡಿ ತುಂಬಿದಂಗಾತು ಬಿಡ್ರಿ."

"ನಿನ್ನ ಬಾಯಾಗ ಮಣ್ಣ ಬೀಳ!" ಅಂದೆ.

ಆದರೂ ಬಸುರಿ ಎಂದ ಮೇಲೆ ಬರಿ ಹಣೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಕೆಳಗಿಳಿದು ಕುಂಕುಮ ಹಚ್ಚಿ, ಗಂಟಿನಲ್ಲಿ ಉಳಿದಿದ್ದ ಗುಳೇದಗುಡ್ಡದ ಕುಪ್ಪಸದ ಖಣವನ್ನೂ ಅದರ ಕೊರಳಿಗೆ ಕಟ್ಟಿ ಕೈಮುಗಿದೆ.

ಮೊಣಕಾಲು ನೋವು ಹಾಗೇ ಇದೆ, ಗುಳಿಗೆ ತೀರಿವೆ. ಪದ್ಮಜಾಗೆ ಉಡಿ ಮುಟ್ಟಿತೆಂದಷ್ಟೇ ಹೇಳು. ಯಾರಿಗೆ ಮುಟ್ಟಿತೆಂಬುದನ್ನು ಹೆರಿಗೆಯಾದ ಮೇಲೆ ನಾನೇ ಹೇಳುತ್ತೇನೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನ ಅಕ್ಕ